ಕಂಡದ್ದಷ್ಟೇ

ಹಾಳೆಯ ಮೇಲೆ ಅಚ್ಚಾಗಿತ್ತು: ಮಗುವಿನ ವೀಕ್ಷಣೆ, ಇಪ್ಪತ್ತು ನಿಮಿಷ.
ಕೆಳಗೆ ಎರಡು ಕಾಲಂ.
ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು.
"ಎಡಗಡಿ ತುಂಬೋತನ ಬಲಗಡಿ ಮುಟ್ಟಬ್ಯಾಡ್ರಿ"
ಅಂದಿದ್ದರು ಲಿಂಗಸುಗೂರಿನ ತರಬೇತಿಯಲ್ಲಿ ಶಹತಾಜ್ ಮೇಡಂ,
ನಮ್ಮ ನಲವತ್ತು ಜನರ ಬುತ್ತಿಡಬ್ಬಿಗಳ ನಡುವೆ ನಿಂತು.

ನಾನು ಅಮರಮ್ಮ, ಹಟ್ಟಿ ಕ್ಯಾಂಪಿನ ಅಂಗನವಾಡಿ ಸಹಾಯಕಿ.
ಹದಿನಾಲ್ಕು ವರ್ಷ ಸಾರು ಕುದಿಸಿದ್ದೇನೆ, ಮೂಗು ಒರೆಸಿದ್ದೇನೆ,
ಒದ್ದೆ ಚಡ್ಡಿ ಹಿಂಡಿ ಬೇಲಿಗೆ ಹಾಕಿದ್ದೇನೆ.
ಕೂತು ನೋಡಿದ್ದಿಲ್ಲ.
ಕೂತರೆ ಬೈಯುವ ಕೆಲಸ ನನ್ನದು.
ಡಿಪ್ಲೊಮಾದಲ್ಲಿ ಕೂತು ನೋಡುವುದಕ್ಕೇ ಇಪ್ಪತ್ತು ಅಂಕ.

ಮೌನೇಶನನ್ನು ಆರಿಸಿಕೊಂಡೆ. ಮೂರು ವರ್ಷ ಎಂಟು ತಿಂಗಳು.
ಕಾರಣ ಇಷ್ಟೇ, ಓಡುವುದಿಲ್ಲ, ಬರೆಯಲು ಸಸಾರ.
ಅವನ ಅಜ್ಜಿ ಅನ್ನುತ್ತಾಳೆ, ಹೆಸರಿಟ್ಟದ್ದೇ ತಪ್ಪಾತವ್ವ,
ತಿಂಥಣಿಗೆ ಹರಕಿ ಹೊತ್ತು ಹುಟ್ಟಿದ ಕೂಸು,
ಮಾತು ಅಲ್ಲೇ ಬಿಟ್ಟು ಬಂದೈತಿ.

ಎಡಗಡೆ ಬರೆದೆ:
ಹನ್ನೊಂದು ಐದು. ಅಕ್ಕಿಯ ಕಬ್ಬಿಣದ ಪೆಟ್ಟಿಗೆ ಮೇಲೆ ಕೂತಿದ್ದಾನೆ.
ಹನ್ನೊಂದು ಏಳು. ಬಾಟಲಿ ಮುಚ್ಚಳ ತಿರುಗಿಸುತ್ತಾನೆ. ಬೀಳುತ್ತದೆ. ಮತ್ತೆ.
ಹನ್ನೊಂದು ಹತ್ತು. ಟೀಚರ್ ಹೆಸರು ಹಿಡಿದು ಕರೆದರು.
ಮುಚ್ಚಳ ತಿರುಗುತ್ತಿದೆ.
'ಮೊಂಡ' ಎಂದು ಬರೆದು ಹೊಡೆದುಹಾಕಿದೆ, ಅದು ಬಲಗಡೆಯ ಮಾತು.
'ಮಂಕು' ಬರೆದೆ, ಅದೂ ಅಲ್ಲಿಯದೇ.
ಎಷ್ಟು ಕಷ್ಟ ಈ ಎಡಗಡೆ,
ನನಗೆ ಗೊತ್ತಿರುವ ಮಾತೆಲ್ಲ
ಬಿಟ್ಟ ಕೂಡಲೇ ಬಲಕ್ಕೇ ಓಡುತ್ತವೆ.

ಹನ್ನೊಂದು ಹದಿನಾರು. ಗಣಿಯ ತಳದಲ್ಲಿ ಮದ್ದು ಹಾರಿತು
ಯಾವಾಗಲೂ ಹಾರುವ ಹಾಗೆ. ಸ್ಟ್ಯಾಂಡಿನ ತಟ್ಟೆಗಳು ಅದುರಿದವು.
ಯಾರೂ ತಲೆ ಎತ್ತಲಿಲ್ಲ, ನಾವು ಹಟ್ಟಿಯವರು.
ಮೌನೇಶ ಮುಚ್ಚಳ ಬಿಟ್ಟ.
ಎರಡೂ ಅಂಗೈ ಪೆಟ್ಟಿಗೆಗೆ ಒತ್ತಿದ.
ನಕ್ಕ.
ತಟ್ಟೆಗಳು ಸುಮ್ಮನಾದ ಮೇಲೂ ಅಂಗೈ ತೆಗೆಯಲಿಲ್ಲ,
ನನಗೆ ನಿಂತುಹೋದದ್ದು
ಅವನಿಗಿನ್ನೂ ಬರುತ್ತಿತ್ತು.

ಎದ್ದೆ. ಅವನ ಬೆನ್ನ ಹಿಂದೆ ಹೋಗಿ ಲೋಟಕ್ಕೆ ಚಮಚ ಬಡಿದೆ.
ಇಲ್ಲ.
ಪೆಟ್ಟಿಗೆಗೆ ಬೆರಳಗಂಟಿನಿಂದ ಒಂದೇ ಒಂದು ಸಲ.
ಸರಕ್ಕನೆ ಹೊರಳಿ ನನ್ನ ಮುಖ ನೋಡಿದ.

ಬಲಗಡೆ ಬರೆದದ್ದು ಎರಡು ಪದ: ಕಿವಿ ತೋರಿಸಬೇಕು.
ಆಮೇಲೆ ರಾಯಚೂರಿನ ದವಾಖಾನೆ, ಬೆಳಗಿನ ಬಸ್ಸು, ಅಜ್ಜಿಯ ವಾಂತಿ,
ತಿಂಗಳು ಕಳೆದು ಬಂದ ಬಟಾಣಿಕಾಳಿನಂಥ ಯಂತ್ರ,
ಅದನ್ನವನು ಕಿತ್ತು ಸಾರಿನೊಳಗೆ ಹಾಕಿದ್ದು.
ಹಾಳೆಗೆ ಬಂದದ್ದು ಹದಿಮೂರು.
ಕೆಂಪು ಶಾಯಿ ಕೇಳಿತ್ತು: ಕೊನೆಯ ಒಂಬತ್ತು ನಿಮಿಷ ಏಕೆ ಖಾಲಿ?

ಪ್ರಮಾಣಪತ್ರ ಬಂತು, ಅಮರಮ್ಮ ಗಂಡ ಯಂಕೋಬ,
ದ್ವಿತೀಯ ದರ್ಜೆ.
ಯಂಕೋಬ ಪಾಳಿ ಮುಗಿಸಿ ಬಂದವನೇ ಹೋಗಿ
ಮೂವತ್ತು ರೂಪಾಯಿ ಕೊಟ್ಟು ಲ್ಯಾಮಿನೇಶನ್ ಮಾಡಿಸಿದ,
ಒಳಗೊಂದು ಇರುವೆ ಸಿಕ್ಕಿಕೊಂಡಿದೆ, ಸಹಿಯ ಪಕ್ಕ.

ಒಂದು ಸಂಗತಿ ಯಾವ ಕಾಲಮ್ಮಿಗೂ ಸೇರಲಿಲ್ಲ.
ನಾನು ಕೆಲಸಕ್ಕೆ ಸೇರಿದ ವರ್ಷ, ಶಿವಗಂಗಿ ಅಂತ ಹುಡುಗಿ
ಮದ್ದು ಹಾರಿದಾಗಲೆಲ್ಲ ಕಿಟಕಿಯ ಸರಳಿಗೆ ಗಲ್ಲ ಒತ್ತಿ ನಿಲ್ಲುತ್ತಿದ್ದಳು.
ಲಂಗಕ್ಕೆ ತುಕ್ಕು ಹತ್ತುತ್ತದೆಂದು ರಟ್ಟೆ ಹಿಡಿದು ಎಳೆಯುತ್ತಿದ್ದೆ.
ಮೂಕಿ ಎಂದೇ ಕರೆದೆವು. ಊಟದ ಲೆಕ್ಕದಲ್ಲೂ ಮೂಕಿ, ಒಂದು ತತ್ತಿ.
ಈಗ ಅವಳಿಗೆ ಹದಿನೇಳು.

ಮೊನ್ನೆ ರೇಷನ್ ಅಂಗಡಿ ಮುಂದೆ
ಚರಂಡಿಗೆ ಹಾಸಿದ ತಗಡಿನ ಮೇಲೆ ನಿಂತಿದ್ದಳು,
ಕಂಕುಳಲ್ಲಿ ಚೀಲ, ನನ್ನ ಕಡೆ ಬೆನ್ನು.
ಕರೆಯಲಿಲ್ಲ ನಾನು.
ಚಪ್ಪಲಿ ಕಳಚಿ, ತಗಡಿನ ಈ ತುದಿಗೆ
ಹಿಮ್ಮಡದಿಂದ ಮೆಲ್ಲಗೆ ಎರಡು ಸಲ ಬಡಿದೆ.

ಒಂಬತ್ತು ನಲವತ್ತು.
ತಿರುಗಿದಳು.