ಮುದ್ರೆ

ಮೂವತ್ತೊಂದು ವರ್ಷ ತಕ್ಕಡಿ ತಪಾಸಿದವ ನಾನು.
ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ
ಕಲ್ಲಿನ ತಳದ ಸೀಸ ಕಿತ್ತು ಅರಗು ತುಂಬಿದ್ದನ್ನು
ಅಂಗೈಯಲ್ಲೇ ಹಿಡಿದವ.

ಈಗ ಬೆಳಗಾವಿಯ ನೆಲಮಾಳಿಗೆಯಲ್ಲಿ
ನನ್ನನ್ನೇ ತಟ್ಟೆಗೆ ಹಾಕಿದ್ದಾರೆ.
ಪ್ರೋಸ್ಟೇಟಿನ ಗಡ್ಡೆ ಎಲುಬಿಗಿಳಿದಿದೆಯೋ ನೋಡಬೇಕಂತೆ.
ನರದೊಳಗೆ ಚೂರು ಕಿರಣ ಬಿಟ್ಟು
"ನೀರು ಕುಡೀರಿ ಅಜ್ಜಾರ,
ಇವತ್ತ ಮೊಮ್ಮಕ್ಕಳನ್ನ ಎತ್ಕೋಬ್ಯಾಡ್ರಿ" ಅಂದಳು ಮೆಹಜಬೀನ್ ಸಿಸ್ಟರ್.
ಮೂರು ತಾಸು ಕುಂತೆ,
ಸೀಸದ ಬಾಗಿಲ ಹಿಂದೆ, ಯಾರಿಗೂ ಕಾಣದಂತೆ ಹೊಳೆಯುತ್ತ.

ಸಂಜೆ ಡಾಕ್ಟರ್ ಸಬನೀಸ ಚಿತ್ರ ತೂಗಿಹಾಕಿದರು.
ಎಡಗಡೆ ಏಳನೇ ಪಕ್ಕೆಲುಬಿನಲ್ಲಿ
ಜೋಳದ ಕಾಳಿನಷ್ಟು ಕಪ್ಪು.
"ಹಬ್ಬಿರಬಹುದು. ಪೆಟ್ಟೂ ಇರಬಹುದು.
ಇದಕ್ಕ ಎರಡೂ ಒಂದೇ ಥರ ಕಾಣ್ತಾವ್ರಿ."

ನೂರಕ್ಕೆ ಎಷ್ಟು ಖರೆ?
ಈ ಯಂತ್ರಕ್ಕೆ ವರ್ಷಾ ಮುದ್ರೆ ಒತ್ತುವವರು ಯಾರು?
ಅವರು ನಕ್ಕರು.
ನಾನು ಕೇಳಿದ್ದು ನಗಲಿಕ್ಕಲ್ಲ.

ಎಪ್ಪತ್ತೆಂಟರಲ್ಲಿ ಸಿಕ್ಕಿಬಿದ್ದ ದಲಾಲಿಯೊಬ್ಬ
ಐದು ಕಿಲೋ ಕಲ್ಲು ಬೀಸಿ ಒಗೆದಿದ್ದ,
ಇದೇ ಪಕ್ಕೆಗೆ.
ತೂಗಿದೆ ಆಮೇಲೆ, ಉಸಿರು ಹಿಡಿದುಕೊಂಡೇ:
ನೂರಾ ನಲವತ್ತು ಗ್ರಾಂ ಕಡಿಮೆ.

"ಅಷ್ಟು ಹಳೇದು ಇನ್ನೂ ಕಾಣೋದು ಅಪರೂಪ" ಅಂದರು.

ಅಪರೂಪ ಅಂದರೆ ಎಷ್ಟು ಗ್ರಾಂ, ಡಾಕ್ಟರೇ?