ಬೀಗದಕೈ

ನಾವೋಯಿ ಒಣಹೊಳೆಯ ಮರಳು ಬಗೆಯುತ್ತಾಳೆ:
ಮೊದಲು ಮೊಣಕೈ, ಆಮೇಲೆ ಹೆಗಲು,
ಆಮೇಲೆ ಅವಳೇ ಕಾಣಿಸುವುದಿಲ್ಲ.
ಮೇಲೆ ಬರುವುದು ಅರ್ಧ ಬುರುಡೆ ಕೆಸರು;
ಮೊದಲ ಗುಟುಕು ಹೊರುವ ಕತ್ತೆಗೆ.

ಆಕಾಶದಿಂದ ಯಾರೋ ಕಂಡರಂತೆ,
ತುರ್ಕಾನದ ಅಡಿಯಲ್ಲಿ ಸರೋವರವೊಂದು ಮಲಗಿದೆಯೆಂದು.
ಕೊಳವೆ ಇಳಿಯಿತು, ಮುನ್ನೂರು ಮೀಟರು.
ಕ್ಯಾಮೆರಾದೆದುರು ಮಂತ್ರಿ ಗಾಜಿನ ಲೋಟ ಎತ್ತಿದ,
ನುಂಗುವಾಗ ಒಂದು ಗಳಿಗೆ ತಡೆದ.

ಉಪ್ಪು.

ಆದರೂ ಬೇಲಿ ಬಂತು. ಬೀಗವೂ.
ನನ್ನ ತಮ್ಮ ಲೊಮುರಿಯಾನಿಗೆ ಖಾಕಿ ಅಂಗಿ, ಕೊರಳಿಗೆ ಬೀಗದಕೈ.
ಸೋರಿ ಬೆಳ್ಳಗಾದ ಕೊಳವೆಯನ್ನು ಆಡುಗಳು ನೆಕ್ಕುತ್ತವೆ,
ಅವನು ಓಡಿಸುತ್ತಾನೆ.
‘ಯಾರದೋ ಈ ನೀರು?’ ಎಂದಳು ನಾವೋಯಿ.
‘ಕೆಳಗಿರುವಾಗ ನಿಮ್ಮದೇ, ಅಜ್ಜಿ.’

ರಾತ್ರಿ ಪಾಳಿ ಮುಗಿಸಿ ಅವನೇ ಹೊಳೆಗೆ ಬಂದ,
ಬಾಯಿ ಒಣಗಿ, ಅಂಗೈ ಚಾಚಿ.
‘ತಡಿಯೋ,’ ಅಂದಳು,
‘ಕತ್ತೆ ಕುಡೀಲಿ.’