ಅಗೀಬೇಡಿ ಸಿಸ್ಟರ್

ಗರಿಗಳ ಭಾನುವಾರದ ಹಿಂದಿನ ದಿನ
ಚರ್ಚಿನ ಮೇಲ್ಗಿಟಕಿ ಒರೆಸಲು ಸ್ಟೂಲು ಹತ್ತಿದೆ.
ಯಾರೂ ಹೇಳಿರಲಿಲ್ಲ. ಗಾಜಿನ ಮೇಲೆ ಪಾರಿವಾಳದ ಹಿಕ್ಕೆ ಇತ್ತು,
ನನ್ನ ಲೆಕ್ಕದಲ್ಲಿ ಆ ವಾರ ಸ್ವಲ್ಪ ಕಡಿಮೆ ಬಿದ್ದಿತ್ತು.
ಸ್ಟೂಲಿನ ಒಂದು ಕಾಲು ಗಿಡ್ಡ ಅಂತ ಗೊತ್ತಿತ್ತು.
ಎರಡೂ ಮಣಿಕಟ್ಟು ಮುರಿದವು.

ಲೆಕ್ಕ ಅಂದರೆ ಲೆಕ್ಕವೇ.
ಮೂವತ್ತೊಂದು ವರ್ಷ, ವರ್ಷಕ್ಕೊಂದು ಉದ್ದ ನೋಟುಬುಕ್ಕು.
ನೀಲಿ ಶಾಯಿಯಲ್ಲಿ ಓದಿದ ಅಧ್ಯಾಯ, ಮಂಡಿಯೂರಿದ ನಿಮಿಷ,
ಉಪವಾಸ, ಮನೆಗೆ ಹೋಗಿ ನೋಡಿಬಂದ ರೋಗಿ.
ಕೆಂಪಿನಲ್ಲಿ ಸಿಟ್ಟು, ಚಾಡಿ,
ಪ್ರಸಂಗದ ನಡುವೆ ಬಂದ ತೂಕಡಿಕೆ.
ತಿಂಗಳ ಕೊನೆಗೆ ಕೂಡಿ ಕಳೆದು
ಜ್ವರದ ಚಾರ್ಟಿನ ಹಾಗೆ ಗೆರೆ ಎಳೆಯುತ್ತಿದ್ದೆ.
ಗೆರೆ ಯಾವತ್ತೂ ನಾರ್ಮಲ್‌ಗೆ ಬರಲಿಲ್ಲ.
ಅಜ್ಜ ಇಟ್ಟ ಹೆಸರು ಸುಕೃತ.
ಹೆಸರಿಗೆ ತಕ್ಕ ಹಾಗೆ ಇರಬೇಕಲ್ಲ.

ಮುನಿನಂಜಮ್ಮ ಬಂದಳು, ಹೇಳಿಕಳಿಸದೆ.
ಫೀಮೇಲ್ ವಾರ್ಡಿನ ಹಳೇ ಆಯಾ.
ಹನ್ನೆರಡು ನಿಮಿಷ ತಡವಾಯಿತೆಂದು ಒಮ್ಮೆ
ಅವಳ ಅರ್ಧ ದಿನದ ಸಂಬಳ ಹಿಡಿಸಿದ್ದೆ.
ಮಗುವಿಗೆ ಫಿಟ್ಸು ಬಂದಿತ್ತೆಂದು ಆಮೇಲೆ ಗೊತ್ತಾಯಿತು.
ಆಮೇಲೆ ಅಂದರೆ, ಅದೇ ಸಂಜೆ. ಆದರೂ ಸಹಿ ಹೊಡೆದು ಹಾಕಲಿಲ್ಲ.
ಯಾವ ಶಾಯಿಯಲ್ಲೂ ಅದು ನನ್ನ ಬುಕ್ಕಿನಲ್ಲಿಲ್ಲ.

ಅವಳು ಸೀರೆ ಬಿಚ್ಚಿದಳು, ಮೈ ತೊಳೆದಳು,
ನಾನೇ ನೋಡಿಕೊಳ್ಳದ ಕಡೆಯೂ ತೊಳೆದಳು.
ಬೇಡ ಅಂದೆ. ಪೇತ್ರನೂ ಹೀಗೇ ಅಂದಿದ್ದ, ಕಾಲೆಳೆದುಕೊಂಡು.
"ಸುಮ್ಕಿರಿ ಸಿಸ್ಟರ್, ನೀರು ತಣ್ಣಗಾಯ್ತದೆ."
ಎಷ್ಟು ಕೊಡಲಿ ನಿನಗೆ, ಕೇಳಿದೆ.
ಬೆನ್ನಿಗೆ ಇನ್ನೊಂದು ಚೊಂಬು ಹುಯ್ದಳು.
ತಲೆ ಬಾಚುವಾಗ ತಡೆಯಲಾಗಲಿಲ್ಲ:
ಆ ಅರ್ಧ ದಿನ ನೆನಪಿದೆಯಾ?
"ಐತೆ" ಅಂದಳು.
ಬಾಚಣಿಗೆ ನಿಲ್ಲಲಿಲ್ಲ.

ಮಧ್ಯಾಹ್ನ ಮುದ್ದೆ, ಬಸ್ಸಾರು.
ನಾನು ಉಡುಪಿ ಕಡೆಯ ಕುಚ್ಚಲಕ್ಕಿಯವಳು,
ಕೋಲಾರಕ್ಕೆ ಬಂದು ಮೂವತ್ತೆಂಟು ವರ್ಷವಾದರೂ
ಮುದ್ದೆ ಒಲಿದಿರಲಿಲ್ಲ.
ಪ್ರತಿ ತುತ್ತೂ ಮೂವತ್ತೆರಡು ಸಲ ಅಗಿಯಬೇಕೆಂದು
ಟ್ರೇನಿಂಗಿನಲ್ಲಿ ಕಲಿತವಳು, ಕಲಿಸಿದವಳು.
ಅವಳು ಮುರಿದು, ಉರುಟಾಗಿಸಿ, ಸಾರಿಗೆ ಅದ್ದಿ
ಬಾಯಿಗಿಟ್ಟಳು. ಅಗಿದೆ.
ಇನ್ನೂ ಅಗಿದೆ. ಹಲ್ಲಿಗೆಲ್ಲ ಅಂಟು, ಕಣ್ಣಲ್ಲಿ ನೀರು.
"ಅಗೀಬೇಡಿ ಸಿಸ್ಟರ್. ನುಂಗಿ.
ನೀವೇನೂ ಮಾಡಾದು ಬ್ಯಾಡ. ಅದೇ ಇಳೀತದೆ."

ಇಳಿಯಿತು.

ಈಸ್ಟರ್ ದಿನ ಎಲ್ಲರೂ ಕಟಕಟೆಯ ಮುಂದೆ ಮಂಡಿಯೂರಿ
ಬೊಗಸೆಯೊಡ್ಡಿದರು.
ಬೊಗಸೆಯೂ ಒಂದು ಕೆಲಸವೆಂದು ಅಂದೇ ಹೊಳೆದದ್ದು,
ನನಗೆ ಉಳಿದಿದ್ದ ಕೊನೆಯ ಕೆಲಸ, ಅದೂ ಪ್ಲಾಸ್ಟರಿನೊಳಗೆ.
ಜ್ಞಾನಶೀಲ ಅಯ್ಯನವರು, ಎಳೇ ವಯಸ್ಸು,
ರೊಟ್ಟಿ ಹಿಡಿದು ತಡವರಿಸಿದರು, ಎಲ್ಲಿಡಲಿ ಎಂಬಂತೆ.
ಬಾಯಿ ತೆರೆದೆ. ಹಕ್ಕಿಮರಿಯ ಹಾಗೆ ಎನ್ನಲಾರೆ,
ಅರವತ್ತೆರಡರ, ಎರಡು ದವಡೆಹಲ್ಲಿಲ್ಲದ ಬಾಯಿ.
ಅಗಿಯಲಿಲ್ಲ.

ಪ್ಲಾಸ್ಟರು ಬಿಚ್ಚಿದಾಗ ಕೈ ಬಿಳಿಚಿ, ತೆಳ್ಳಗೆ,
ಬೇರೆ ಯಾರದೋ ಸಾಲ ತಂದ ಹಾಗಿದ್ದವು.
ನೋಟುಬುಕ್ಕು ತೆರೆದೆ. ನಲವತ್ತಮೂರು ಪುಟ ಖಾಲಿ.
ಪೆನ್ನು ಹಿಡಿದು ಕೂತೆ: ಯಾವ ಬಣ್ಣ? ಯಾರ ಹೆಸರಿಗೆ?
ಹೊರಗೆ ಟೊಮೆಟೊ ಲಾರಿಗಳು
ಮಂಡಿಯ ತೂಕಕ್ಕೆ ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು.
ಮುಚ್ಚಿಟ್ಟೆ.

ಹಾಗಂತ ಎಲ್ಲ ಬಿಟ್ಟುಹೋಯಿತೆಂದಲ್ಲ.
ಇವತ್ತು ಬೆಳಿಗ್ಗೆಯೂ ಪ್ರಾರ್ಥನೆಯ ನಡುವೆ ಕಣ್ಣು ಬಿಟ್ಟು
ಗಡಿಯಾರ ನೋಡಿದೆ. ಹದಿನಾಲ್ಕು ನಿಮಿಷ.
ಒಳಗಿನ ಹೆಡ್ ನರ್ಸು ಹಾಜರಿ ಪುಸ್ತಕ ತೆಗೆದಳು.
ಅವಳಿಗೆ ಈ ಊರಿನ ಕನ್ನಡದಲ್ಲೇ ಹೇಳಿದೆ:
ಸುಮ್ಕಿರಮ್ಮ,
ನೀರು ತಣ್ಣಗಾಯ್ತದೆ.